ಕೆಲಸ ಕೊಡಿಸುವ ಅಕ್ಕ

ಮಗಳು ಪರದೇಶಕ್ಕೆ ಕೆಲಸಕ್ಕೆ ಹೋಗುವುದು ಗೊತ್ತಾದ ದಿನದಿಂದ ಆ ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಿಲಲ್ಲಿ ಬಟ್ಟೆ ಒಣಹಾಕಲು ನಾಲ್ಕು ಹೆಜ್ಜೆ ಜಾಗ. ಅಷ್ಟರಲ್ಲೇ ನಾಲ್ಕು ಜನ ಒಬ್ಬರಿಗೊಬ್ಬರು ಅಡ್ಡ ಬರುತ್ತಾ ಓಡಾಡುತ್ತಿದ್ದರು.

ಅಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಬೇಯಿಸಿ ಹಾಕುವವಳು. ಬೆಳಗಿನ ಪಾಳಿ ಮುಗಿಸಿ ಬಂದವಳೇ ಮಗಳ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಹರಡಿ, ಹೋಗಬೇಕಾದ್ದು ಯಾವುದು, ಉಳಿಯಬೇಕಾದ್ದು ಯಾವುದು ಎಂದು ವಿಂಗಡಿಸುತ್ತಿದ್ದಳು. ಅಜ್ಜಿ, ಎಂದರೆ ಅಪ್ಪನ ತಾಯಿ, ಹಿಂದಿನಿಂದ ಬಂದು ಎರಡು ಗುಡ್ಡೆಯನ್ನೂ ಕಲಸಿಬಿಡುತ್ತಿದ್ದಳು.

"ಅಲ್ಲಿ ಚಳಿ ಇದ್ರೆ ಏನ್ ಮಾಡ್ತಾಳೆ? ಈ ಕಂಬಳಿನೂ ಇರ್ಲಿ."

"ಅಲ್ಲಿ ಬರೀ ಸೆಕೆಯಂತೆ ಅತ್ತೆ."

"ಅಂತೆಕಂತೆ ನಂಬ್ಕೊಂಡು ಯಾರಾದ್ರೂ ಕಂಬಳಿ ಬಿಟ್ಟು ಹೋಗ್ತಾರಾ?"

ಮಗಳಿಗೆ ಇಪ್ಪತ್ತು ವರ್ಷ. ಮನೆಯಲ್ಲಿ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಅಂಗಿಗಳಿಗೆ ಗುಂಡಿ ಹಾಕುವುದು ಅವಳ ಕೆಲಸ. ಪಕ್ಕದ ಮೇಜಿನ ಗೆಳತಿ ಅದೇ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ತೆಗೆಯುವವಳು. ಹಾಗಾಗಿ ಅವಳ ಹೆಸರೇ ಕಾಜಾ ಆಗಿಹೋಗಿತ್ತು. ಆ ಗೆಳತಿಯ ಮೂಲಕವೇ ಈ ಸುದ್ದಿ ಬಂದದ್ದು. ಕಾರ್ಖಾನೆಯ ಗೇಟಿನ ಬಳಿ ಒಬ್ಬ ಹೆಂಗಸು ಬರುತ್ತಾಳೆ, ಹುಡುಗಿಯರಿಗೆ ಹೊರದೇಶದಲ್ಲಿ ಕೆಲಸ ಕೊಡಿಸುತ್ತಾಳೆ, ದೊಡ್ಡ ಅತಿಥಿಗೃಹವೊಂದರ ಹೊಲಿಗೆ ಕೋಣೆಗೆ ನಾಲ್ಕು ಜನ ಬೇಕಂತೆ. ಗೇಟಿನ ಹುಡುಗಿಯರೆಲ್ಲ ಅವಳನ್ನು ಕೆಲಸ ಕೊಡಿಸುವ ಅಕ್ಕ ಎನ್ನುತ್ತಿದ್ದರು.

ಹತ್ತು ದಿನ ಮನೆಯಲ್ಲಿ ಅಕ್ಕನದೇ ಮಾತು. ಅಪ್ಪ ಮಾತ್ರ ಕೇಳಿಸಿಕೊಳ್ಳುತ್ತಿದ್ದ, ಹೂಂ ಎನ್ನುತ್ತಿದ್ದ. ಅವನು ನ್ಯಾಯಾಲಯದಲ್ಲಿ ಬೆರಳಚ್ಚುಗಾರ. ಸಾಕ್ಷಿಗಳು ಹೇಳಿದ್ದನ್ನು ನ್ಯಾಯಾಧೀಶರು ಹೇಳಿ ಬರೆಸುತ್ತಾರೆ, ಅವನು ಟೈಪ್ ಮಾಡುತ್ತಾನೆ. ಇಪ್ಪತ್ತೆರಡು ವರ್ಷ ಬೇರೆಯವರ ಮಾತನ್ನು ಬೆರಳಲ್ಲಿ ಹಿಡಿದೂ ಹಿಡಿದೂ ತನ್ನ ಮಾತನ್ನು ಕಡಿಮೆ ಮಾಡಿಕೊಂಡಿದ್ದ.

ರಜೆಯ ದಿನ ಅಕ್ಕ ತಾನೇ ಮನೆಗೆ ಬಂದಳು. ಐವತ್ತರ ಆಸುಪಾಸಿನ, ನಗುಮುಖದ ಹೆಂಗಸು. ಕೈಯಲ್ಲಿ ಹಣ್ಣಿನ ಚೀಲ. ಒಳಗೆ ಕಾಲಿಟ್ಟವಳು ನೇರ ಅಜ್ಜಿಯ ಹತ್ತಿರ ಹೋಗಿ ಕೂತು, "ಮಂಡಿನೋವು ಹೇಗಿದೆಯಮ್ಮ?" ಎಂದಳು. ಅಜ್ಜಿ ಅಲ್ಲೇ ಕರಗಿಹೋದಳು. ಮಂಡಿನೋವಿನ ವಿಷಯ ಮನೆಯವರೇ ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಅಮ್ಮ ಟೀ ಕೊಟ್ಟಳು. "ಒಬ್ಬಳೇ ಮಗಳು. ಗುರುತು ಪರಿಚಯ ಇಲ್ಲದ ಜಾಗ," ಎಂದಳು.

"ನೀವು ಯೋಚನೇನೇ ಮಾಡ್ಬೇಡಿ," ಎಂದಳು ಅಕ್ಕ. "ಅಲ್ಲಿರೋಳು ಯಜಮಾನಿ ಅಲ್ಲ, ಇನ್ನೊಬ್ಬ ತಾಯಿ. ಹೋದ ದಿನ ಕೆಲಸ ಮುಟ್ಟೋಕೂ ಬಿಡಲ್ಲ. ಉಂಡು ಮಲಗು ಮಗಳೇ, ಕೆಲಸ ಎಲ್ಲಿಗೂ ಓಡಿಹೋಗಲ್ಲ ಅಂತಾಳೆ."

ಅಮ್ಮ ಕಣ್ಣೊರೆಸಿಕೊಂಡಳು. ಬಾಗಿಲ ಬಳಿ ಕೂತಿದ್ದ ಅಪ್ಪನ ಕೈಯ ಲೋಟ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು.

ಆ ಮಾತನ್ನು ಅವನು ಟೈಪ್ ಮಾಡಿದ್ದ. ಐದು ವರ್ಷದ ಹಿಂದೆ, ಬಾಗಿಲು ಮುಚ್ಚಿ ನಡೆಸಿದ ವಿಚಾರಣೆಯಲ್ಲಿ, ಹದಿನೆಂಟು ವರ್ಷದ ಹುಡುಗಿಯೊಬ್ಬಳು ಹೇಳಿದ್ದಳು. "ಉಂಡು ಮಲಗು ಮಗಳೇ, ಕೆಲಸ ಎಲ್ಲಿಗೂ ಓಡಿಹೋಗಲ್ಲ ಅಂತಾಳೆ ಎಂದು ನಮ್ಮನ್ನು ಕರೆದೊಯ್ದ ಅಕ್ಕ ಹೇಳಿದ್ದರು." ಮರುದಿನ ಆ ಮನೆಯಲ್ಲಿ ಏನು ಕೆಲಸ ಎಂದು ಗೊತ್ತಾಯಿತು, ಬಾಗಿಲಿಗೆ ಹೊರಗಿನಿಂದ ಬೀಗವಿತ್ತು ಎಂದೂ ಅವಳು ಹೇಳಿದ್ದಳು. ಅವಳ ಮಾತನ್ನು ಯಾರೂ ಪೂರ್ತಿ ನಂಬಲಿಲ್ಲ. ಕರೆದೊಯ್ದ ಹೆಂಗಸು ಪತ್ತೆಯಾಗಲಿಲ್ಲ. ಪತ್ತೆಯಾಗಿದ್ದರೂ ಕೈ ಹಿಡಿದು ಎಳೆದಿಲ್ಲ, ಹುಡುಗಿ ತಾನಾಗಿ ಬಂದಳು ಎಂದು ಬಿಟ್ಟುಬಿಡುತ್ತಿದ್ದರು, ಆಗಿನ ಕಾನೂನು ಹಾಗಿತ್ತು. ಅಂಥ ಮನೆಯಲ್ಲಿ ಸಿಕ್ಕಿದ್ದೇ ತಪ್ಪು ಎಂದು ಹುಡುಗಿಗೇ ದಂಡ ಬಿತ್ತು. ಆ ತೀರ್ಪನ್ನೂ ಅವನೇ ಟೈಪ್ ಮಾಡಿದ್ದ.

ಸಂಜೆ ಊಟಕ್ಕೆ ಕೂತಾಗ ಅಪ್ಪ ಒಂದೇ ಮಾತು ಹೇಳಿದ. "ಗುಬ್ಬಿ ಹೋಗೋದು ಬೇಡ."

ಅಮ್ಮನ ಕೈಯ ಸೌಟು ಪಾತ್ರೆಗೆ ಬಿತ್ತು. "ಯಾಕೆ?"

"ಬೇಡ ಅಂದ್ರೆ ಬೇಡ."

"ಹತ್ತು ದಿನದಿಂದ ಬಾಯಿಗೆ ಗುಂಡಿ ಹಾಕ್ಕೊಂಡಿದ್ರಿ. ಈಗ ಕಾರಣ ಇಲ್ಲದೆ ಬೇಡ ಅಂದ್ರೆ?"

"ನಿನಗೆ ಹೊಟ್ಟೆಕಿಚ್ಚು ಕಣೋ," ಎಂದಳು ಅಜ್ಜಿ. "ಈ ಬೀದಿ ದಾಟಿ ನೀನೂ ಹೋಗ್ಲಿಲ್ಲ, ನನ್ನನ್ನೂ ಕಳಿಸ್ಲಿಲ್ಲ. ಹುಡುಗಿಯಾದ್ರೂ ನಾಲ್ಕು ಊರು ನೋಡ್ಲಿ."

ಮಗಳು ತಟ್ಟೆ ಬಿಟ್ಟು ಎದ್ದಳು. "ನಾನು ಹೋಗ್ತೀನಿ ಅಪ್ಪ. ಗುಂಡಿ ಹಾಕಿ ಹಾಕಿ ಕನಸಲ್ಲೂ ನಾಲ್ಕು ತೂತು ಕಾಣುತ್ತೆ ನನಗೆ."

ಮೂರು ದಿನ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಅಮ್ಮ ಗಂಡನಿಗೆ ಬಡಿಸುವಾಗ ಅನ್ನ ತಟ್ಟೆಗೆ ಬೀಳುವ ಸದ್ದಿನಲ್ಲೇ ಜಗಳ ತಿಳಿಯುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಮಗಳು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಾಗ ಅಪ್ಪ ಹೋಗಿ ಒದ್ದೆ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡ. ಇಬ್ಬರೂ ಹಿಂಡಿದರು.

"ಗುಬ್ಬಿ, ಕಾರಣ ಹೇಳೋ ಹಾಗಿಲ್ಲ ನಾನು. ಅದು ಬೇರೆ ಒಬ್ಬರ ಕಷ್ಟ. ಆದ್ರೆ ಮೂರು ವಿಷಯ ಹೇಳ್ತೀನಿ, ನೆನಪಿಟ್ಕೋ. ನಿನ್ನ ನಿಲ್ಲಿಸಿ ಪೂರ್ತಿ ಫೋಟೋ ತೆಗೀತಾಳೆ, ಒಳ್ಳೆ ಬಟ್ಟೆ ಹಾಕ್ಕೊಂಡು ಬಾ ಅಂತಾಳೆ. ಅಲ್ಲಿನ ಸಿಮ್ ಹಾಕ್ಸಿ ಕೊಡ್ತೀನಿ, ಹೊರಡೋ ದಿನ ಫೋನ್ ನನ್ನ ಕೈಗೆ ಕೊಡು ಅಂತಾಳೆ. ಆಮೇಲೆ, ಹೇಳಿದ ದಿನಕ್ಕಿಂತ ಮೊದಲೇ ಹೊರಡಬೇಕು ಅಂತಾಳೆ. ಯಾರಿಗೂ ವಿಚಾರಿಸೋಕೆ ಪುರಸೊತ್ತು ಇರಬಾರದು ಅಂತ."

"ಇದರಲ್ಲಿ ಒಂದೂ ಆಗದಿದ್ರೆ?"

"ಆಗ ನಾನೇ ಪೆಟ್ಟಿಗೆ ಹೊತ್ಕೊಂಡು ಬಂದು ಬಸ್ ಹತ್ತಿಸ್ತೀನಿ."

ಮಗಳು ಕ್ಲಿಪ್ಪನ್ನು ಬಾಯಿಂದ ತೆಗೆದು ಬಟ್ಟೆಗೆ ಸಿಕ್ಕಿಸಿದಳು. ನಂಬಿದಳೋ ಇಲ್ಲವೋ ಅವಳ ಮುಖದಲ್ಲಿ ಗೊತ್ತಾಗಲಿಲ್ಲ.

ಎರಡು ದಿನ ಬಿಟ್ಟು ಅವಳು ಕಾರ್ಖಾನೆಯಿಂದ ಓಡುತ್ತಲೇ ಬಂದಳು. ಅಪ್ಪ ಆಗಷ್ಟೇ ಚಪ್ಪಲಿ ಕಳಚುತ್ತಿದ್ದ. ಅವಳಿಗೆ ಏದುಸಿರು, ಜೊತೆಗೆ ಎಂಥದೋ ನಗು.

"ಫೋಟೋ ಆಯ್ತು ಅಪ್ಪ. ಗೇಟಿನ ಪಕ್ಕದ ಸ್ಟುಡಿಯೋದಲ್ಲಿ, ನಂದು, ಕಾಜಾದು, ನಾಲ್ಕು ಜನರದ್ದೂ. ಹಾಗೆ ನಿಲ್ಲು, ಹೀಗೆ ತಿರುಗು ಅಂದ್ಲು. ಹೊಲಿಯೋಳಿಗೆ ಬೆರಳು ನೋಡ್ಬೇಕು ಅಲ್ವಾ? ಇವಳು ಸೊಂಟ ನೋಡಿದ್ಲು. ಆಮೇಲೆ ಫೋನ್ ವಿಷಯ. ಆಮೇಲೆ, ಮುಂದಿನ ತಿಂಗಳು ಅಲ್ಲ, ಇನ್ನು ಒಂಬತ್ತು ದಿನಕ್ಕೆ ಹೊರಡಬೇಕಂತೆ." ಅವಳ ನಗು ನಿಂತಿತು. "ಮೂರೂ ಹೇಳಿದ್ಲು ಅಪ್ಪ. ನೀವು ಹೇಳಿದ ಮಾತಲ್ಲೇ. ಯಾರವಳು?"

ಅಪ್ಪ ಕಳಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ನ್ಯಾಯಾಲಯದ ಕಡೆಗೇ ವಾಪಸು ಹೋದ.

ಸರ್ಕಾರಿ ವಕೀಲೆ ಇನ್ನೂ ಕೋಣೆಯಲ್ಲಿದ್ದರು. ಮಧ್ಯಾಹ್ನ ತಿನ್ನಲಾಗದ ಬುತ್ತಿಯನ್ನು ಆಗ ಬಿಚ್ಚಿಕೊಂಡು ಕೂತಿದ್ದರು. ಅವನು ನಿಂತೇ ಹೇಳಿದ. ಹಳೆಯ ಪ್ರಕರಣದ ಹುಡುಗಿಯ ಗುಟ್ಟು ತನ್ನಿಂದ ಒಡೆಯಿತೇ ಎಂಬ ಭಯ ಅವನಿಗೆ.

"ಆ ಹುಡುಗಿ ಹೆಸರು, ಊರು ನಿಮ್ಮ ಬಾಯಿಂದ ಬರಬಾರದು, ಬಂದೂ ಇಲ್ಲ," ಎಂದರು ವಕೀಲೆ. "ಆದ್ರೆ ನಿಮ್ಮ ಮನೇಲಿ ಟೀ ಕುಡಿದೋಳು ಏನಂದ್ಲು ಅನ್ನೋದು ನಿಮ್ಮ ಮನೆ ಮಾತು. ಅದಕ್ಕೆ ಯಾವ ಬೀಗವೂ ಇಲ್ಲ. ಕೂತ್ಕೊಳ್ಳಿ."

"ಹೋದ ಸಲದ ಹಾಗೇ ಆದ್ರೆ ಮೇಡಂ? ಕೊನೆಗೆ ಹುಡುಗಿಗೇ ದಂಡ ಹಾಕಿದ್ರೆ?"

"ಎರಡು ವರ್ಷದ ಹಿಂದೆ ಕಾನೂನು ತಿದ್ದಿದಾರೆ. ಪ್ರತಿ ನಿಮ್ಮ ಮೇಜಿನ ಮೇಲೇ ಇದೆ, ನೀವು ಓದಿಲ್ಲ ಅಷ್ಟೆ." ಅವರು ಕೈ ಒರೆಸಿಕೊಂಡು ಬೆರಳು ಮಡಿಸಿದರು. "ಸುಳ್ಳು ಹೇಳಿ ಒಪ್ಪಿಸಿದ್ರೆ ಅದು ಒಪ್ಪಿಗೆಯೇ ಅಲ್ಲ. ಹುಡುಗಿ ಆ ಮನೆ ತಲುಪಿ ಹಾಳಾಗೋವರೆಗೆ ಕಾಯಬೇಕಾಗಿಲ್ಲ. ಕರ್ಕೊಂಡು ಹೊರಟ್ರೆ ಅಲ್ಲಿಗೇ ಅಪರಾಧ. ಸಿಕ್ಕ ಹುಡುಗಿ ಆರೋಪಿ ಅಲ್ಲ. ಅವಳ ಹೆಸರು ಎಲ್ಲೂ ಅಚ್ಚಾಗೋ ಹಾಗಿಲ್ಲ."

ಮರುದಿನವೇ ಮನೆಗೆ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ತರಕಾರಿ ಚೀಲ, ನೋಡಿದರೆ ಅಮ್ಮನ ಜೊತೆ ಕೆಲಸ ಮಾಡುವವಳಂತೆ. ಬಾಗಿಲು ಹಾಕಿದ ಮೇಲೆ ತಾನು ಇನ್‌ಸ್ಪೆಕ್ಟರ್ ಎಂದಳು. ಅಜ್ಜಿ ಅವಳ ಚೀಲ ಇಣುಕಿ ನೋಡಿ, "ಪೊಲೀಸರಿಗೂ ಬಾಡಿದ ಬದನೆಕಾಯೇ ಸಿಗುತ್ತಾ?" ಎಂದಳು.

ಇನ್‌ಸ್ಪೆಕ್ಟರಮ್ಮ ನಕ್ಕಳು. ಆಮೇಲೆ ನೇರ ವಿಷಯಕ್ಕೆ ಬಂದಳು. "ಇವಳ ಮೇಲೆ ನಮಗೆ ಬಹಳ ದಿನದಿಂದ ಕಣ್ಣಿದೆ. ಕೈಗೆ ಸಿಕ್ಕಿಲ್ಲ. ಇವತ್ತೇ ಹಿಡಿದ್ರೆ ಸಂಜೆಗೆ ಬಿಡ್ತಾರೆ, ಟೀ ಕುಡಿದಿದ್ದು ಅಪರಾಧ ಅಲ್ಲವಲ್ಲ. ಹುಡುಗೀರ ಜೊತೆ, ಅವರ ಕಾಗದ ಅವಳ ಚೀಲದಲ್ಲಿ ಇರುವಾಗ ಸಿಗಬೇಕು."

"ಅಂದ್ರೆ ನನ್ನ ಮಗಳನ್ನ ಗಾಳಕ್ಕೆ ಹುಳು ಮಾಡ್ತೀರಾ?" ಅಮ್ಮ ಎದ್ದು ನಿಂತಳು. "ಅವಳು ಹೋಗಲ್ಲ. ಮುಗೀತು."

"ನಾನು ಕೇಳ್ತಾ ಇಲ್ಲಮ್ಮ. ಕೇಳೋ ಹಕ್ಕೂ ನನಗಿಲ್ಲ. ಇವಳು ಬರಲ್ಲ ಅಂದ್ರೆ ಬೇರೆ ದಾರಿ ಹುಡುಕ್ತೀವಿ."

"ನಾನು ಬರಲ್ಲ ಅಂದ್ರೆ ಅಕ್ಕ ಏನ್ ಮಾಡ್ತಾಳೆ?" ಎಂದಳು ಮಗಳು.

"ಅನುಮಾನ ಬಂದ್ರೆ ಉಳಿದ ಮೂವರನ್ನ ಅವತ್ತೇ ಸಾಗಿಸ್ತಾಳೆ. ಅನುಮಾನ ಬರದಿದ್ರೆ ನಿನ್ನ ಜಾಗಕ್ಕೆ ಇನ್ನೊಬ್ಬಳು."

"ಕಾಜಾಗೆ ಹೇಳಿ ನಿಲ್ಲಿಸ್ಲಾ?"

"ಹೇಳಿ ನೋಡು. ನಂಬ್ತಾಳಾ?"

ನಂಬುವುದಿಲ್ಲವೆಂದು ಮಗಳಿಗೆ ಗೊತ್ತಿತ್ತು. ಹೋದ ವಾರ ಅವಳೇ ಅಪ್ಪನನ್ನು ನಂಬಿರಲಿಲ್ಲ.

ಆ ಜಗಳ ಎರಡು ದಿನ ನಡೆಯಿತು. ಈರುಳ್ಳಿ ಹೆಚ್ಚುವಾಗ, ನೀರು ತುಂಬುವಾಗ, ದೀಪ ಹಚ್ಚುವಾಗ. ಅಮ್ಮ ಒಂದೇ ಮಾತನ್ನು ಹಿಡಿದು ಕೂತಳು. "ಊರಿನ ಹುಡುಗೀರನ್ನೆಲ್ಲ ಕಾಯೋಕೆ ನಾನು ಹೆತ್ತಿಲ್ಲ ಇವಳನ್ನ."

"ಕಾಜಾ ನಮ್ಮನೇಲೇ ಉಂಡು ಬೆಳೆದೋಳು ಅಮ್ಮ. ನೀನೇ ತಲೆ ಬಾಚಿದೀಯ ಅವಳಿಗೆ."

"ಬಾಚಿದೀನಿ. ಅದಕ್ಕೆ?"

"ನಾಳೆ ಅವಳಮ್ಮ ಬಾಗಿಲಿಗೆ ಬಂದು, ನಿಮಗೆ ಗೊತ್ತಿತ್ತಾ ಅಂತ ಕೇಳಿದ್ರೆ ಏನ್ ಹೇಳ್ತೀಯ?"

ಅಮ್ಮ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. ಆಮೇಲೆ ಮತ್ತೆ ಹೆಚ್ಚತೊಡಗಿದಳು. ಕಣ್ಣಲ್ಲಿ ನೀರಿತ್ತು; ಈರುಳ್ಳಿಯ ನೆಪ ಕೈಯಲ್ಲೇ ಇತ್ತು.

"ಹೋಗ್ಲಿ," ಎಂದಳು ಕೊನೆಗೆ. "ಆದ್ರೆ ಒಬ್ಬಳೇ ಅಲ್ಲ."

"ನಾನು ಹೋಗ್ತೀನಿ ಜೊತೆಗೆ," ಎಂದಳು ಅಜ್ಜಿ ಗೋಡೆಗೊರಗಿದಲ್ಲಿಂದಲೇ. "ಬಸ್ ಹತ್ತಿಸೋಕೆ. ಮೊಮ್ಮಗಳು ದೇಶ ಬಿಟ್ಟು ಹೋಗುವಾಗ ಅಳೋರೇ ಇಲ್ಲ ಅಂದ್ರೆ ಆ ಹೆಂಗಸಿಗೆ ಅನುಮಾನ ಬರಲ್ವಾ? ಅಳೋಕೆ ನಾನಿದ್ದೀನಿ." ಎಲ್ಲರೂ ಅವಳ ಕಡೆ ತಿರುಗಿದರು. "ಏನ್ ನೋಡ್ತೀರಿ? ಹಣ್ಣು ತಂದು ಮಂಡಿನೋವು ಕೇಳಿ ನನ್ನನ್ನ ಮಂಗ ಮಾಡಿದಾಳೆ ಅವಳು."

ಹೊರಡುವ ದಿನ ಬೆಳಿಗ್ಗೆ ಹನ್ನೊಂದಕ್ಕೆ ಬಸ್ ನಿಲ್ದಾಣ ಜೇನುಗೂಡಿನಂತೆ ಗುಂಯ್ಗುಡುತ್ತಿತ್ತು. ಮೂರನೆಯ ಪ್ಲಾಟ್‌ಫಾರ್ಮಿನಲ್ಲಿ ಬಸ್ಸು. ಇನ್‌ಸ್ಪೆಕ್ಟರಮ್ಮ ಮಗು ಮಲಗಿಸಿಕೊಂಡ ತಾಯಿಯಂತೆ ಮಡಿಲಲ್ಲಿ ಬಟ್ಟೆಗಂಟು ಇಟ್ಟುಕೊಂಡು ಬೆಂಚಿನ ಮೇಲಿದ್ದಳು. ಅವಳ ಇಬ್ಬರು ಪೊಲೀಸರು ಪೆಟ್ಟಿಗೆ ಹೊರುವವರ ಅಂಗಿ ತೊಟ್ಟಿದ್ದರು. ಅಪ್ಪನಿಗೆ ಕಂಬದ ಹಿಂದೆ ಪತ್ರಿಕೆ ಹಿಡಿದು ನಿಲ್ಲಲು ಹೇಳಿದ್ದರು. ಅವನು ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಿದ್ದ.

ಅಮ್ಮ ಬಂದಿರಲಿಲ್ಲ. "ನಾನು ಬಂದ್ರೆ ಅವಳ ಕೂದಲು ಕಿತ್ತುಬಿಡ್ತೀನಿ, ನಿಮ್ಮ ಕೆಲಸ ಕೆಡುತ್ತೆ," ಎಂದು ಆಸ್ಪತ್ರೆಗೆ ಹೋಗಿ ನೂರಿಪ್ಪತ್ತು ಜನರ ಗಂಜಿಗೆ ಎರಡು ಸಲ ಉಪ್ಪು ಹಾಕಿದ್ದಳು.

ಅಕ್ಕ ಬಂದಳು. ಮೂವರು ಹುಡುಗಿಯರು ಅವಳ ಹಿಂದೆ. ಕಾಜಾ ಹೊಸ ಬಟ್ಟೆಯಲ್ಲಿ ಹಾರಾಡುತ್ತಿದ್ದಳು. ಗುಬ್ಬಿ ಅಜ್ಜಿಯ ಕೈ ಹಿಡಿದು ಹತ್ತಿರ ಹೋದಳು. ಅಕ್ಕ ನಾಲ್ವರ ಫೋನನ್ನೂ ಗುರುತಿನ ಕಾಗದವನ್ನೂ ಈಸಿಕೊಂಡು ಚೀಲಕ್ಕೆ ಹಾಕಿದಳು. ಅಲ್ಲಿಯವರೆಗೆ ಎಲ್ಲ ಅಂದುಕೊಂಡಂತೆಯೇ.

"ಬನ್ನಿ, ಬನ್ನಿ," ಎಂದಳು ಅಕ್ಕ. "ಬಸ್ ಬೇಡ. ನಿಮಗೋಸ್ಕರ ಅಂತ ವ್ಯಾನೇ ಬಂದಿದೆ, ಹಿಂದಿನ ಗೇಟಲ್ಲಿ."

ಹಿಂದಿನ ಗೇಟಿನಲ್ಲಿ ಪೊಲೀಸರು ಯಾರೂ ಇರಲಿಲ್ಲ.

ಗುಬ್ಬಿ ಹಿಂದೆ ತಿರುಗಿ ನೋಡುವಂತಿಲ್ಲ. ಹುಡುಗಿಯರು ಜನರ ನಡುವೆ ನುಗ್ಗಿ ಆಗಲೇ ನಡೆದಿದ್ದರು. ಕಂಬದ ಹಿಂದಿನಿಂದ ಅಪ್ಪ ಅದನ್ನು ನೋಡಿದ. ಪತ್ರಿಕೆ ಬಿಸಾಡಿ ಬೆಂಚಿನ ಕಡೆ ಓಡಿದ. ಮೂಟೆ ಹಾರಿ, ಯಾರದೋ ಬುತ್ತಿ ಎಡವಿ ಓಡಿದ. ಆ ಮನುಷ್ಯ ಜೀವಮಾನದಲ್ಲಿ ಬಸ್ಸಿಗಾಗಿಯೂ ಓಡಿದವನಲ್ಲ.

ಹಿಂದಿನ ಗೇಟಿನಲ್ಲಿ ವ್ಯಾನಿನ ಎಂಜಿನ್ ಆಗಲೇ ಗುಡುಗುತ್ತಿತ್ತು. ಮೂವರು ಹತ್ತಿ ಕೂತರು. ಗುಬ್ಬಿ ಒಂದು ಕಾಲನ್ನು ಒಳಗಿಟ್ಟು ಇನ್ನೊಂದನ್ನು ನೆಲದ ಮೇಲೇ ಊರಿಕೊಂಡು ನಿಂತಳು. ಬಾಗಿಲು ಹಾಕಲಾಗಲಿಲ್ಲ.

"ಹತ್ತಮ್ಮ, ಹೊತ್ತಾಯ್ತು," ಎಂದ ಚಾಲಕ.

"ಅಜ್ಜಿ ಅಳ್ತಾಳೆ, ಒಂದ್ ನಿಮಿಷ."

ಅಜ್ಜಿ ಅಷ್ಟರವರೆಗೆ ಅತ್ತಿರಲಿಲ್ಲ. ಮಾತು ಕೇಳಿದ್ದೇ ತಡ, ಅಕ್ಕನ ಕುತ್ತಿಗೆಗೆ ಎರಡೂ ತೋಳು ಹಾಕಿ ಜೋತುಬಿದ್ದಳು. "ಅಯ್ಯೋ ನನ್ನ ತಾಯಿ, ನನ್ನ ಮೊಮ್ಮಗಳನ್ನ ನಿನ್ನ ಮಡಿಲಿಗೆ ಹಾಕ್ತಿದೀನಲ್ಲೇ. ಹೊತ್ತಿಗೆ ಸರಿಯಾಗಿ ಊಟ ಹಾಕ್ತೀಯೇನೇ, ಜ್ವರ ಬಂದ್ರೆ ಹಣೆ ಮುಟ್ಟಿ ನೋಡ್ತೀಯೇನೇ."

"ನೋಡ್ತೀನಮ್ಮ, ನೋಡ್ತೀನಿ, ಬಿಡಿ."

"ಹೇಗೆ ಬಿಡ್ಲೇ ನಿನ್ನ? ನೀನು ಅಕ್ಕ ಅಲ್ವೇ, ಇನ್ನೊಬ್ಬ ತಾಯಿ ಅಲ್ವೇ ನೀನು?"

ಜನ ಗುಂಪುಗೂಡಿದರು. ಅಕ್ಕ ಕೈ ಬಿಡಿಸಿಕೊಳ್ಳಲು ನೋಡಿದಳು, ತಳ್ಳಿದಳು, ಉಗುರೂರಿದಳು. ಮಂಡಿ ಹೋದರೂ ಮುದುಕಿಯ ಕೈಯಲ್ಲಿ ಐವತ್ತು ವರ್ಷ ನೀರು ಸೇದಿದ ಬಲವಿತ್ತು. ಈಗ ಅವಳು ನಿಜವಾಗಿಯೇ ಅಳುತ್ತಿದ್ದಳು. ಇನ್‌ಸ್ಪೆಕ್ಟರಮ್ಮ ಬಟ್ಟೆಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಿಬಂದು ಅಕ್ಕನ ಚೀಲಕ್ಕೆ ಕೈ ಹಾಕಿದಳು. ಪೆಟ್ಟಿಗೆ ಹೊರುವವರ ಅಂಗಿಯವರು ಚಾಲಕನನ್ನು ಎಳೆದು ಇಳಿಸಿದರು. ಆಮೇಲೂ ಅಜ್ಜಿ ಬಿಡಲಿಲ್ಲ. "ಸಾಕಮ್ಮ, ಬಿಡಿ, ಇನ್ನು ನಾವು ಹಿಡ್ಕೋತೀವಿ," ಎಂದು ಇನ್‌ಸ್ಪೆಕ್ಟರಮ್ಮ ಎರಡು ಸಲ ಹೇಳಬೇಕಾಯಿತು.

ಚೀಲದಲ್ಲಿ ನಾಲ್ಕು ಫೋನು, ನಾಲ್ವರ ಕಾಗದ, ಫೋಟೋಗಳು ಇದ್ದವು. ಅಕ್ಕನ ಫೋನಿನಲ್ಲಿ ಅದೇ ಫೋಟೋಗಳು ಗಡಿಯಾಚೆಯ ಒಂದು ವಿಳಾಸಕ್ಕೆ ಹೋಗಿದ್ದವು. ಅದು ಅತಿಥಿಗೃಹವಲ್ಲ. ಆ ವಿಳಾಸ ಪೊಲೀಸರಿಗೆ ಮೊದಲೇ ಗೊತ್ತಿತ್ತು.

ಮಧ್ಯಾಹ್ನ ಅಮ್ಮ ಏಪ್ರನ್ನಿನಲ್ಲೇ ಠಾಣೆಗೆ ಬಂದಳು. ಮಗಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು, ಬೆನ್ನಿಗೊಂದು ಗುದ್ದಿದಳು, ಆಮೇಲೆ ಬಿಗಿಯಾಗಿ ಅಪ್ಪಿಕೊಂಡಳು.

ಗೆದ್ದರೆಂದು ಬೀದಿ ಹೂಮಾಲೆ ಹಾಕಲಿಲ್ಲ. ಮರುದಿನ ನಲ್ಲಿಯ ಬಳಿ ಕಾಜಾಳ ತಾಯಿ ಕೊಡ ಕೆಳಗಿಟ್ಟು ಜಗಳಕ್ಕೇ ನಿಂತಳು.

"ನಿಮ್ಮ ಹುಡುಗಿಗೆ ಬೇಡ ಅಂದ್ರೆ ಮನೇಲಿ ಕೂರಿಸ್ಕೋಬೇಕಿತ್ತು. ನನ್ನ ಮಗಳನ್ನ ಠಾಣೆಗೆ ಹತ್ತಿಸಿದ್ರಲ್ಲ. ಇನ್ನು ಯಾರು ಮದುವೆ ಆಗ್ತಾರೆ ಅವಳನ್ನ?"

"ಆ ವ್ಯಾನ್ ಹೊರಟಿದ್ರೆ ಯಾರು ಆಗ್ತಿದ್ರು?" ಎಂದಳು ಅಮ್ಮ.

"ಒಳ್ಳೆ ಕೆಲಸಾನೇ ಇತ್ತೇನೋ, ಯಾರಿಗ್ಗೊತ್ತು?"

"ನನಗ್ಗೊತ್ತು. ನಿನಗೂ ಗೊತ್ತಾಗುತ್ತೆ. ಈಗ ಕೊಡ ತುಂಬ್ಕೋ, ನೀರು ನಿಲ್ಲುತ್ತೆ."

ಆಸ್ಪತ್ರೆಯ ಅಡುಗೆಮನೆಯಲ್ಲಿ ಪಿಸುಮಾತುಗಳು ಎದ್ದವು. ಕಾರ್ಖಾನೆಯಲ್ಲಿ ಮೇಸ್ತ್ರಿಯೊಬ್ಬ, "ಏನಮ್ಮ, ಪರದೇಶ ಹೇಗಿತ್ತು?" ಎಂದು ಹಲ್ಲು ಕಿರಿದ. ಗುಬ್ಬಿ ಕೈಯಲ್ಲಿದ್ದ ಅಂಗಿಯನ್ನು ಅವನಿಗೆ ತೋರಿಸಿ, "ಬಾಯಿಗೂ ಒಂದು ಗುಂಡಿ ಹಾಕಿಕೊಡ್ಲಾ ಸಾರ್?" ಎಂದಳು. ಪಕ್ಕದ ಸಾಲು ಗೊಳ್ಳೆಂದಿತು. ಆದರೆ ಪಕ್ಕದ ಮೇಜಿನಲ್ಲಿ ಕಾಜಾ ತಲೆ ಎತ್ತಲಿಲ್ಲ. ಮೂರು ವಾರ ಅವಳು ಮಾತಾಡಲಿಲ್ಲ. ನಾಲ್ಕನೆಯ ವಾರ ಒಂದು ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ಇನ್‌ಸ್ಪೆಕ್ಟರಮ್ಮ ನಿನ್ನೆ ಮನೆಗೆ ಬಂದಿದ್ರು," ಎಂದಳು. "ಆ ವಿಳಾಸದ ಮನೆಯಿಂದ ಆರು ಹುಡುಗೀರನ್ನ ಬಿಡಿಸಿದಾರಂತೆ. ಒಬ್ಬಳು ನಮ್ಮ ಕಾರ್ಖಾನೆಯೋಳು. ಹೋದ ವರ್ಷ ಕಾಲರ್ ಹೊಲೀತಿದ್ಲಲ್ಲ, ಅವಳು." ಅನ್ನ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ. "ಸಾಕ್ಷಿ ಹೇಳೋಕೆ ನಾನೂ ಬರ್ತೀನಿ. ಅಮ್ಮ ಬೇಡ ಅಂತಿದಾಳೆ. ನಿಮ್ಮಮ್ಮನ್ನ ಕಳಿಸ್ತೀಯಾ ಒಂದ್ ಸಲ?"

ಅಮ್ಮ ಹೋದಳು. ಆ ಇಬ್ಬರು ತಾಯಂದಿರು ಒಳಗೆ ಏನು ಮಾತಾಡಿದರೋ, ಬೀದಿಗೆ ಕೇಳಿಸಿದ್ದು ಎರಡು ಬೈಗುಳ ಮಾತ್ರ. ಆದರೆ ವಿಚಾರಣೆಯ ದಿನ ಇಬ್ಬರೂ ಒಂದೇ ಆಟೋದಲ್ಲಿ ಬಂದರು.

ಸ್ವಂತ ಮಗಳ ಪ್ರಕರಣವಾದ್ದರಿಂದ ಅಪ್ಪ ಒಳಗೆ ಕೂರುವಂತಿರಲಿಲ್ಲ. ಅವನ ಜಾಗಕ್ಕೆ ಬೇರೆ ನ್ಯಾಯಾಲಯದ ಬೆರಳಚ್ಚುಗಾರ್ತಿ ಬಂದಿದ್ದಳು. ಬಾಗಿಲು ಮುಚ್ಚಿ ವಿಚಾರಣೆ; ಸಾಕ್ಷಿಯ ಜೊತೆಗೆ ಮನೆಯವರೊಬ್ಬರು ಇರಬಹುದೆಂದು ಹೊಸ ಕಾನೂನು ಹೇಳುತ್ತಿತ್ತು. ಅಮ್ಮ ಯಾರನ್ನೂ ಕೇಳದೆ ಒಳಗೆ ನಡೆದು ಮಗಳ ಪಕ್ಕದ ಕುರ್ಚಿಯಲ್ಲಿ ಕೂತಳು. ಅಕ್ಕನ ಮುಖ ಕಾಣದಂತೆ ನಡುವೆ ಪರದೆ ಕಟ್ಟಿದ್ದರು.

ಅಕ್ಕನ ಪರ ವಕೀಲರು ಮೆತ್ತಗಿನ ದನಿಯವರು.

"ಆ ವ್ಯಾನಿನ ಹತ್ತಿರ ನಿನ್ನನ್ನ ಯಾರಾದರೂ ಎಳ್ಕೊಂಡು ಹೋದ್ರಾ?"

"ಇಲ್ಲ ಸಾರ್."

"ಬೆದರಿಸಿದ್ರಾ?"

"ಇಲ್ಲ."

"ಹೊಡೆದ್ರಾ?"

"ಇಲ್ಲ."

"ಅಂದ್ರೆ ಹೋಗೋಕೆ ನಿನಗೇ ಇಷ್ಟ ಇತ್ತು."

ಅಮ್ಮ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು. ಮಗಳು ತಡವರಿಸಲಿಲ್ಲ.

"ಇಷ್ಟ ಇತ್ತು ಸಾರ್. ಮೊದಲ ದಿನದಿಂದ ಇತ್ತು. ಈಗ್ಲೂ ಇದೆ. ಹೊಲಿಗೆ ಕೆಲಸಕ್ಕೆ ಹೋಗೋಕೆ ಇಷ್ಟ ಇತ್ತು. ಅವರು ಕಳಿಸ್ತಾ ಇದ್ದದ್ದು ಅಲ್ಲಿಗಲ್ಲ. ಎಲ್ಲಿಗೆ ಅಂತ ಮೊದಲೇ ಹೇಳಿದ್ರೆ ಆ ವ್ಯಾನಲ್ಲಿ ಕೂತಿದ್ದ ಒಬ್ಬರೂ ಮನೆ ಹೊಸಿಲು ದಾಟ್ತಿರಲಿಲ್ಲ. ನನ್ನ ಇಷ್ಟಾನೂ ಸೇರಿಸೇ ಮಾರಿದಾರೆ ಅವರು."

ವಕೀಲರು ಕಾಗದ ತಿರುವಿದರು. ನ್ಯಾಯಾಧೀಶರು ಬೆರಳಚ್ಚುಗಾರ್ತಿಯ ಕಡೆ ತಿರುಗಿ, "ಸಾಕ್ಷಿ ಹೇಳಿದ್ದನ್ನ ಹಾಗೇ ಹಾಕಿ, ನನ್ನ ಮಾತು ಬೇಡ," ಎಂದರು.

ಆಮೇಲೆ ಕಾಜಾ ಹೇಳಿದಳು. ಆಮೇಲೆ ಕಾಲರ್ ಹೊಲಿಯುತ್ತಿದ್ದವಳು, ಆ ಮನೆಯಿಂದ ಬಿಡುಗಡೆಯಾದವಳು, ಬಹಳ ನಿಧಾನವಾಗಿ, ನಡುವೆ ನೀರು ಕುಡಿಯುತ್ತಾ ಹೇಳಿದಳು. ಹೊರಗಿನ ಬೆಂಚಿನ ಮೇಲೆ ಅಪ್ಪ, ಅಜ್ಜಿ, ಕಾಜಾಳ ತಾಯಿ ಒತ್ತೊತ್ತಾಗಿ ಕೂತಿದ್ದರು. ಒಳಗಿನಿಂದ ಕೀಲಿಮಣೆಯ ಸದ್ದು ಮಾತ್ರ ಕೇಳುತ್ತಿತ್ತು. "ಏನಂತಿದಾರೆ?" ಎಂದು ಅಜ್ಜಿ ಮಗನ ಪಕ್ಕೆ ತಿವಿದಳು. "ಗೊತ್ತಿಲ್ಲಮ್ಮ. ಜೋರಾಗಿ ಟೈಪ್ ಮಾಡ್ತಿದಾಳೆ. ನಮ್ಮ ಹುಡುಗಿ ಚೆನ್ನಾಗೇ ಮಾತಾಡ್ತಿರಬೇಕು," ಎಂದ.

ತೀರ್ಪು ಬಂದ ದಿನ ಗುಬ್ಬಿ ಕೆಲಸದಲ್ಲಿದ್ದಳು. ಅಕ್ಕನಿಗೂ ಚಾಲಕನಿಗೂ ಜೈಲು. ಸಿಕ್ಕ ಹುಡುಗಿಯರ ಮೇಲೆ ಒಂದು ಚೂರೂ ತಪ್ಪಿಲ್ಲ. ಗಡಿಯಾಚೆಯ ಮನೆಯ ಒಡತಿ ಇನ್ನೂ ತಲೆತಪ್ಪಿಸಿಕೊಂಡಿದ್ದಳು, ಹುಡುಕಾಟ ನಡೆದಿತ್ತು. ಅಜ್ಜಿ ಫೋನಿನಲ್ಲಿ ಕಿರುಚಿ ಹೇಳಿದ್ದು ಹೊಲಿಗೆ ಯಂತ್ರಗಳ ಗದ್ದಲದಲ್ಲೂ ಎರಡು ಮೇಜಿನಾಚೆಗೆ ಕೇಳಿಸಿತು. ಸುದ್ದಿ ಕಾಜಾದಿಂದ ಕಾಲರಿಗೆ, ಕಾಲರಿನಿಂದ ತೋಳಿಗೆ, ತೋಳಿನಿಂದ ಇಸ್ತ್ರಿಯ ಮೇಜಿಗೆ ಓಡಿತು. ಯಂತ್ರಗಳು ಸಾಲು ಸಾಲಾಗಿ ನಿಂತವು. ಮೇಸ್ತ್ರಿ ಕೂಗಾಡಿದ, ಯಾರೂ ಕಿವಿಗೊಡಲಿಲ್ಲ.

ಇಸ್ತ್ರಿ ಮೇಜಿನ ಹೊಸ ಹುಡುಗಿಯೊಬ್ಬಳು ಗುಬ್ಬಿಯ ಬಳಿ ಬಂದು ಮೆಲ್ಲಗೆ ಕೇಳಿದಳು. "ನನಗೂ ಒಂದು ಕೆಲಸದ ಕಾಗದ ಬಂದಿದೆ. ಬೇರೆ ಊರಿಗೆ. ಯಾರಿಗೆ ತೋರಿಸ್ಲಿ ಅಂತ ಗೊತ್ತಿಲ್ಲ."

"ಸಂಜೆ ನಮ್ಮನೆಗೆ ಬಾ. ಅಪ್ಪ ಇರ್ತಾರೆ."

ಸಂಜೆ ಒಬ್ಬಳಲ್ಲ, ಏಳು ಹುಡುಗಿಯರು ಬಂದರು. ಚಪ್ಪಲಿಗಳು ಬಾಗಿಲಿನಿಂದ ಬೀದಿಯವರೆಗೆ ಹರಡಿದವು. "ಮೊದಲೇ ಹೇಳೋಕಾಗಲ್ವಾ?" ಎಂದು ಗೊಣಗುತ್ತಾ ಅಮ್ಮ ಬೇಳೆಗೆ ಇನ್ನೊಂದು ಚೊಂಬು ನೀರು ಸುರಿದಳು. ತಟ್ಟೆ ಸಾಲದೆ ಕಾಜಾ ತನ್ನ ಮನೆಗೆ ಓಡಿದಳು. ತಟ್ಟೆಗಳ ಜೊತೆ ಅವಳ ತಾಯಿಯೂ ಬಂದಳು. ಅಜ್ಜಿ ಮಂಚದ ಮೇಲೆ ಜಾಗ ಬಿಟ್ಟುಕೊಟ್ಟು, ಬಂದವರಿಗೆಲ್ಲ ಬಸ್ ನಿಲ್ದಾಣದ ಕಥೆಯನ್ನು ಎರಡನೆಯ ಸಲ ಶುರುಮಾಡಿದ್ದಳು. ಆ ಕಥೆಯಲ್ಲಿ ಈಗ ಪೊಲೀಸರ ಕೆಲಸ ಬಹಳ ಕಡಿಮೆಯಾಗಿತ್ತು.

ಅಪ್ಪ ಕನ್ನಡಕ ಹಾಕಿಕೊಂಡು ಇಸ್ತ್ರಿ ಹುಡುಗಿಯ ಕಾಗದವನ್ನು ದೀಪದ ಕೆಳಗೆ ಹಿಡಿದ. ಒಂದು ಸಲ ಓದಿದ, ಮತ್ತೊಂದು ಸಲ ಓದಿದ. ಹುಡುಗಿ ಬೆರಳುಗಳನ್ನು ಹೆಣೆದುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು.

"ಇದರಲ್ಲಿ ಕಂಪನಿ ವಿಳಾಸ ಇದೆ, ಫೋನ್ ಇದೆ," ಎಂದ ಅವನು. "ಇರೋಕೆ ಜಾಗ ಎಲ್ಲಿ ಅಂತ ಬರೆದಿದಾರೆ. ಗುರುತಿನ ಕಾಗದ ನಿನ್ನ ಹತ್ತಿರಾನೇ ಇರ್ಲಿ, ನಕಲು ಸಾಕು ಅಂದಿದಾರೆ. ನಾಳೆ ಬೆಳಿಗ್ಗೆ ನನ್ನ ಜೊತೆ ಕಾರ್ಮಿಕ ಇಲಾಖೆಗೆ ಬಾ, ಕಂಪನಿ ಹೆಸರು ಪಟ್ಟಿಯಲ್ಲಿ ಇದೆಯಾ ಅಂತ ಕೇಳೋಣ."

"ಇದ್ರೆ?"

ಅಪ್ಪ ಕಾಗದವನ್ನು ಮಡಿಸಿ ಅವಳ ಕೈಗಿಟ್ಟ.

"ಇದ್ರೆ ಹೋಗು ಮಗಳೇ," ಎಂದ. "ಖುಷಿಯಾಗಿ ಹೋಗು."